ಕಂಡದ್ದೋ, ಕೇಳಿದ್ದೋ

ಅವರ ಎರಡು ಕಿವಿಗಳು ಒಂದೇ ತರ ಇರಲಿಲ್ಲ. ಎಡಗಿವಿ ತಲೆಗೆ ಅಂಟಿಕೊಂಡು ತನ್ನ ಪಾಡಿಗೆ ತಾನಿತ್ತು. ಬಲಗಿವಿ ಮಾತ್ರ ಮುಂದಕ್ಕೆ ಬಾಗಿ, ಯಾರೋ ಕರೆದದ್ದು ಕೇಳಿಸಿತೇನೋ ಎಂಬಂತೆ ನಿಂತಿರುತ್ತಿತ್ತು. ವರ್ಷಗಟ್ಟಲೆ ಅದರ ಹಿಂದೆ ಒಂದು ಮೋಟು ಪೆನ್ಸಿಲ್ ಸಿಕ್ಕಿಸಿಕೊಂಡದ್ದರ ಫಲ ಅದು. ಪೆನ್ಸಿಲ್ ಕೈಗೆ ಬಂದಾಗಲೂ ಕಿವಿ ಹಿಂದೆ ಹೋಗುತ್ತಿರಲಿಲ್ಲ.

ಊರಿನವರು ಅವರನ್ನು ಕ್ಲಬ್ ಮೇಷ್ಟ್ರು ಎನ್ನುತ್ತಿದ್ದರು. ಮೂಡಿಗೆರೆ ಪೇಟೆಯಿಂದ ಮೂರು ಮೈಲಿ ಆಚೆ ಕಾಫಿ ತೋಟದ ದೊರೆಗಳದ್ದೊಂದು ಕ್ಲಬ್ಬಿತ್ತು. ಈಗ ಅದರ ಗೋಡೆಯೂ ಉಳಿದಿಲ್ಲ. ಬಿಳಿಯರಿಗೆ ಮಾತ್ರ ಪ್ರವೇಶ. ನಮ್ಮವರು ಒಳಗೆ ಕಾಲಿಡಬೇಕಾದರೆ ಕೈಯಲ್ಲಿ ಟ್ರೇ ಇರಬೇಕು, ಇಲ್ಲವೇ ಪೊರಕೆ ಇರಬೇಕು. ಮೇಷ್ಟ್ರ ಕೈಯಲ್ಲಿ ಪೆನ್ಸಿಲ್ ಇತ್ತು. ಅವರು ಅಲ್ಲಿನ ಲೈಬ್ರರಿಯ ಗುಮಾಸ್ತರು. ಅದಕ್ಕೆ ಮುಂಚೆ ಎಲ್ಲೋ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ. ತನಿಖೆಯ ದಿನ ಬಾರದ ಮಕ್ಕಳಿಗೂ ಹಾಜರಿ ಹಾಕಿ ಎಂದದ್ದಕ್ಕೆ ಒಪ್ಪದೆ ಕೆಲಸ ಬಿಟ್ಟರಂತೆ. ಇದು ನಾನು ಕೇಳಿದ್ದು, ಕಂಡದ್ದಲ್ಲ. ಹೀಗೆ ಬಿಡಿಸಿ ಹೇಳುವ ಚಟವನ್ನು ನನಗೆ ಹತ್ತಿಸಿದವರೂ ಅವರೇ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಬೆಂಗಳೂರಿನಲ್ಲಿ ವಿಜ್ಞಾನ ಓದುತ್ತಿದ್ದೆ. ನಮ್ಮಪ್ಪನದು ಮೂಡಿಗೆರೆಯಲ್ಲಿ ಏಲಕ್ಕಿ, ಮೆಣಸಿನ ವ್ಯಾಪಾರ. ಮಗ ಗಲ್ಲಾದ ಹಿಂದೆ ಕೂರುವುದು ಬಿಟ್ಟು ಹುಳದ ಹಿಂದೆ ಬಿದ್ದಿದ್ದಾನೆ ಎಂದು ಮನೆಯಲ್ಲಿ ಗೊಣಗಾಟ. ಹುಳವೆಂದರೆ ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳ. ಆ ವರ್ಷ ಅದರ ಹಾವಳಿ ಹೇಳತೀರದು. ಎಲೆ ಹಳದಿಯಾಗಿ ನಿಂತ ಗಿಡಗಳನ್ನು ಕಿತ್ತು ಕಿತ್ತು ಸುಡುತ್ತಿದ್ದರು.

ನಮ್ಮ ಪ್ರೊಫೆಸರು ರಜಕ್ಕೆ ಹೊರಟವನನ್ನು ಕರೆದು ಹೇಳಿದ್ದರು: “ಈ ಹುಳದ ಬಗ್ಗೆ ಇದುವರೆಗೆ ಯಾರು ಯಾರು ಏನೇನು ಬರೆದಿದ್ದಾರೋ ಅಷ್ಟನ್ನೂ ಓದಿ ಒಂದು ಸಮೀಕ್ಷೆ ಬರೆದುಕೊಂಡು ಬಾ. ಆಮೇಲೆ ನೀನು ಹುಳ ಮುಟ್ಟುವೆಯಂತೆ.” ಹೊಸದಾಗಿ ತೆರೆಯಲಿದ್ದ ಒಂದು ಪ್ರಯೋಗ ಕ್ಷೇತ್ರಕ್ಕೆ ಒಬ್ಬ ಸಹಾಯಕ ಬೇಕಾಗಿದ್ದ. ಅದಕ್ಕೆ ನಾನೊಬ್ಬ, ನನ್ನ ಸಹಪಾಠಿಯೊಬ್ಬ. ಯಾರ ಸಮೀಕ್ಷೆ ಚೆನ್ನಾಗಿರುತ್ತದೋ ಅವನ ಹೆಸರನ್ನು ಬರೆದು ಕಳಿಸುವುದಾಗಿ ಪ್ರೊಫೆಸರು ಇಬ್ಬರಿಗೂ ಹೇಳಿದ್ದರು. ಏಪ್ರಿಲ್ ಮುಗಿಯುವುದರೊಳಗೆ ಅಂಚೆಗೆ ಬೀಳಬೇಕು. ನನಗೆ ಆ ಕೆಲಸ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಬೆಂಗಳೂರಿನ ದೊಡ್ಡ ದೊಡ್ಡ ಲೈಬ್ರರಿಗಳಲ್ಲಿ ಕೂತು ಓದುತ್ತಿದ್ದ ಆ ಗೆಳೆಯನಿಗೆ ಜ್ವರ ಬರಲಿ ಎಂದು ದಿನವೂ ಬಯಸುತ್ತಿದ್ದೆ.

ನಮ್ಮ ಕಡೆ ಕಾಫಿಯ ಹಳೆಯ ವರದಿ, ಪತ್ರಿಕೆಗಳು ಇದ್ದದ್ದು ಒಂದೇ ಜಾಗದಲ್ಲಿ, ಆ ಕ್ಲಬ್ಬಿನಲ್ಲಿ. ಮೇಷ್ಟ್ರು ಕ್ಲಬ್ಬಿನ ಅಡಿಗೆಮನೆಗೆಂದು ಏಲಕ್ಕಿ ಕೊಳ್ಳಲು ನಮ್ಮ ಅಂಗಡಿಗೆ ಬರುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರು ಒಂದು ಏಲಕ್ಕಿ ಬಿಡಿಸಿ ಮೂಸಿದರು.

“ಮಧ್ಯಾಹ್ನ ಎರಡರಿಂದ ನಾಕು. ದೊರೆಗಳು ಮಲಗೋ ಹೊತ್ತು. ಹಿಂದಿನ ಬಾಗ್ಲಲ್ಲಿ ಬಾ. ಸಿಲ್ವರ್ ಓಕ್ ಬುಡದಲ್ಲಿ ಚಪ್ಪಲಿ ಬಿಟ್ಟು ಬಾ. ಆದ್ರೆ ಒಂದ್ ಮಾತು ಮಾರಾಯ. ಸಿಕ್ಕಿಬಿದ್ರೆ ನಾನು ಸುಳ್ಳು ಹೇಳಲ್ಲ. ಓದಕ್ಕೆ ಬಂದಿದ್ದಾನೆ ಅಂತೀನಿ. ಆಮೇಲೆ ಇಬ್ರೂ ಒಟ್ಟಿಗೆ ಹೊರಗೆ ಹೋಗದು.”

ಹೀಗೆ ಶುರುವಾಯಿತು. ಲೈಬ್ರರಿಯ ಹಿಂದೆ ಹಳೆಯ ಪುಸ್ತಕಗಳ ಒಂದು ಕೋಣೆ. ಬೀರುಗಳ ಸಂದಿಯಲ್ಲಿ ನೆಲದ ಮೇಲೆ ಕೂತು ಓದುತ್ತಿದ್ದೆ. ಯಾರಾದರೂ ಹತ್ತಿರ ಬಂದರೆ ಮೇಷ್ಟ್ರು ಪುಸ್ತಕಗಳ ಧೂಳು ಕೊಡವುವವರಂತೆ ಒಂದಕ್ಕೊಂದು ತಟ್ಟುತ್ತಿದ್ದರು. ಪಟ್ ಪಟ್ ಎಂದರೆ ನಾನು ಉಸಿರು ಬಿಗಿಹಿಡಿಯಬೇಕು. ಬೂಟಿನ ಸದ್ದು ದೂರವಾದ ಮೇಲೂ ಓದಿದ ಸಾಲನ್ನೇ ನಾಲ್ಕು ಸಲ ಓದುತ್ತಿದ್ದೆ. ಮೇಷ್ಟ್ರಿಗೂ ಹೆದರಿಕೆ ಇತ್ತು. ಅವರ ಧೋತರದ ಅಂಚು ನಡುಗುವುದನ್ನು ನೆಲದಲ್ಲಿ ಕೂತ ನಾನು ಕಂಡಿದ್ದೇನೆ.

ಹತ್ತು ದಿನ ಓದಿ ಇಪ್ಪತ್ತೆರಡು ಪುಟ ಬರೆದೆ. ಇಂಥ ವರ್ಷದಲ್ಲಿ ಇಂಥವರು ಹೀಗೆಂದರು, ಅವರ ನಂತರ ಇಂಥವರು ಹಾಗೆಂದರು, ಇನ್ನೊಬ್ಬರು ಇನ್ನೊಂದು ಎಂದರು. ಒಬ್ಬರನ್ನೂ ಬಿಟ್ಟಿರಲಿಲ್ಲ. ಬೆಂಗಳೂರಿನ ಗೆಳೆಯನ ಕಥೆ ಮುಗಿಯಿತು ಎಂದುಕೊಂಡು ಮೇಷ್ಟ್ರ ಮುಂದೆ ಹಿಡಿದೆ. ಅವರು ಕಿವಿಯಿಂದ ಪೆನ್ಸಿಲ್ ತೆಗೆದು, ಓದುತ್ತ, ಪ್ರತಿ ಸಾಲಿನ ಅಂಚಿಗೂ ಒಂದೊಂದು ಅಕ್ಷರ ಹಾಕುತ್ತ ಹೋದರು. ಕೇ. ಕೇ. ಕೇ. ನೋಡಿದರೆ ಪುಟದ ತುಂಬ ನವಿಲು ಕೂಗಿದಂತಿತ್ತು.

“ಎಂತ ಮೇಷ್ಟ್ರೆ ಇದು?”

“ಕೇ ಅಂದ್ರೆ ಕೇಳಿದ್ದು. ಕಂ ಅಂದ್ರೆ ಕಂಡದ್ದು. ನೀನು ಬರ್ದಿರೋ ಒಬ್ಬೊಬ್ಬನೂ ಹುಳನ ಕಣ್ಣಲ್ಲಿ ಕಂಡು ಬರ್ದನಾ, ಇನ್ನೊಬ್ಬ ಹೇಳಿದ್ದು ಕೇಳಿ ಬರ್ದನಾ? ನಿಂಗೆ ಗೊತ್ತಾ?”

ಗೊತ್ತಿರಲಿಲ್ಲ.

“ಮತ್ತೆ ಇದೆಂತದು? ಸಮೀಕ್ಷೆ ಬರಿ ಅಂದ್ರೆ ಚೆಕ್‌ರೋಲ್ ಬರ್ದಿದ್ದೀಯಲ್ಲ ಮಾರಾಯ! ತೋಟದಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ಕೂಗ್ದಂಗೆ. ಇವ್ರು ಬಂದ್ರು, ಅವ್ರು ಬಂದ್ರು. ಬಂದು ಕೆಲ್ಸ ಎಂತ ಮಾಡಿದ್ರು? ಯಾರ್ ಮಾಡಿದ್ದನ್ನ ಯಾರು ಕೆಡಿಸಿದ್ರು? ತೋಟದ ಯಾವ ಪಟ್ಟೆಗೆ ಯಾರೂ ಹೋಗೇ ಇಲ್ಲ? ಅದು ಬೇಕಲ್ವಾ ಪ್ರೊಫೆಸರ್‌ಗೆ.”

ನನಗೆ ಸಿಟ್ಟು ಬಂತು. ಕಾಲೇಜಿನ ಮೆಟ್ಟಿಲು ಹತ್ತದ ಗುಮಾಸ್ತ ನನಗೆ ಹೇಳುವುದೇ ಎಂದೂ ಅನಿಸಿತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ನಿಜ. ಏಪ್ರಿಲ್ ಆಗಲೇ ಹುಟ್ಟಿತ್ತು. ಇಪ್ಪತ್ತೆರಡು ಪುಟ ಹರಿದು ಮತ್ತೆ ಬರೆಯುವಷ್ಟು ಪುರಸೊತ್ತು ಎಲ್ಲಿದೆ?

ಮೇಷ್ಟ್ರು ನನ್ನ ಸಿಟ್ಟನ್ನು ಗಮನಿಸದವರಂತೆ ಒಳಗಿಂದ ಒಂದು ಕಟ್ಟು ಚೀಟಿ ತಂದರು. ದೊರೆಗಳು ಇಸ್ಪೀಟಿನ ಆಟಕ್ಕೆ ಅಂಕ ಬರೆದು ಬಿಸಾಡಿದ ಕಾಗದಗಳು, ಹಿಂಬದಿ ಖಾಲಿ. ಒಬ್ಬೊಬ್ಬ ಬರೆದವನಿಗೆ ಒಂದೊಂದು ಚೀಟಿ. ಅವನು ಎಲ್ಲಿ ನಿಂತು ನೋಡಿದ, ಗಿಡದ ಬುಡದಲ್ಲೋ ಬಂಗಲೆಯ ಜಗಲಿಯಲ್ಲೋ; ಎಷ್ಟು ಕಾಲ ನೋಡಿದ; ಯಾವುದನ್ನು ಹೇಳದೆ ಬಿಟ್ಟ; ಯಾವ ಪುಟದಲ್ಲಿ ಹೇಳಿದ. ಎಲ್ಲ ಬರೆದಾದ ಮೇಲೆ ಚೀಟಿಗಳನ್ನು ನೆಲದ ಮೇಲೆ ಹರಡಿಸಿದರು. ನಾನು ಅಭ್ಯಾಸಬಲದಿಂದ ಇಸವಿಯ ಪ್ರಕಾರ ಸಾಲಾಗಿ ಇಟ್ಟೆ. ಅವರು ಕಾಲಿನಿಂದ ಚದುರಿಸಿಬಿಟ್ಟರು.

“ಜನರನ್ನ ಸಾಲು ನಿಲ್ಲಿಸ್ಬೇಡ. ಪ್ರಶ್ನೆ ನಿಲ್ಸು. ಹುಳ ಯಾವಾಗ ಹೊರಗೆ ಬರ್ತದೆ? ಇಲ್ಲೊಂದು ಗುಡ್ಡೆ. ನೆರಳಿದ್ರೆ ಹೆಚ್ಚೋ ಕಮ್ಮಿಯೋ? ಇಲ್ಲೊಂದು ಗುಡ್ಡೆ. ಮದ್ದು ಎಂತದು? ಅಲ್ಲೊಂದು. ಯಾರ್ಯಾರು ಯಾವ ಗುಡ್ಡೆಗೆ ಬಂದು ಕೂರ್ತಾರೆ ನೋಡು.”

ನೆರಳಿನ ಗುಡ್ಡೆಯಲ್ಲಿ ಜಗಳ ಶುರುವಾಯಿತು. ಒಬ್ಬ ನೆರಳಿದ್ದರೆ ಹುಳ ಕಡಿಮೆ ಎಂದಿದ್ದ, ಇನ್ನೊಬ್ಬ ನೆರಳಿಗೂ ಹುಳಕ್ಕೂ ಸಂಬಂಧವೇ ಇಲ್ಲ ಎಂದಿದ್ದ. ಯಾರದು ತಪ್ಪು ಎಂದು ಬರೆಯಲಿ ಎಂದು ಕೇಳಿದೆ. ಚೀಟಿ ನೋಡು ಎಂದರು. ಒಬ್ಬ ದಟ್ಟ ಮರಗಳ ತೋಟದಲ್ಲೂ ಬೋಳು ಗುಡ್ಡದ ತೋಟದಲ್ಲೂ ಎರಡು ಕಡೆ ನೋಡಿದ್ದ. ಇನ್ನೊಬ್ಬ ನೋಡಿದ ತೋಟಗಳೆಲ್ಲ ಬೋಳು. “ಇಬ್ರೂ ಸುಳ್ಳು ಹೇಳಿಲ್ಲ. ನಿಂತ ಜಾಗ ಬೇರೆ. ಅದನ್ನ ಬರಿ.” ನನ್ನ ಸಿಟ್ಟು ಇಳಿದದ್ದು ಆ ಗಳಿಗೆಯಲ್ಲಿ. ಓದುವುದೆಂದರೆ ಏನೆಂದು ನನಗೆ ಅವತ್ತು ಮೊದಲ ಸಲ ಗೊತ್ತಾಯಿತು.

ಮೊದಲ ಗುಡ್ಡೆ ಮಾತ್ರ ತಣ್ಣಗಿತ್ತು. ಹುಳ ದುಂಬಿಯಾಗಿ ಕಾಂಡದಿಂದ ಹೊರಬಂದು ಮೊಟ್ಟೆಯಿಡುವುದು ಯಾವಾಗ? ಐವರು ಬರೆದಿದ್ದರು, ಐವರದೂ ಒಂದೇ ಮಾತು: ಮುಂಗಾರು ಹಿಡಿದ ಮೇಲೆ. ಅದರಂತೆಯೇ ಎಲ್ಲ ತೋಟಗಳಲ್ಲೂ ಜೂನ್ ತಿಂಗಳಲ್ಲಿ ಕಾಂಡ ಉಜ್ಜಿ ಸುಣ್ಣ ಬಳಿಯುತ್ತಿದ್ದರು. “ಇದೊಂದರಲ್ಲಿ ತಕರಾರಿಲ್ಲ ಮೇಷ್ಟ್ರೆ” ಎಂದು ನಾನು ಆ ಚೀಟಿಗಳನ್ನು ಕಟ್ಟಿಡಲು ಹೋದೆ.

“ತಡಿ. ಐದು ಜನ ಪ್ಲಾಂಟರ್‌ಗಳು ಒಂದು ವಿಷಯಕ್ಕೆ ಹೂಂ ಅಂದದ್ದು ನಾನು ಈ ಕ್ಲಬ್ಬಲ್ಲಿ ಇದುವರೆಗೆ ಕಂಡಿಲ್ಲ” ಎಂದು ಅವರು ಐದೂ ಪುಸ್ತಕಗಳನ್ನು ತೆಗೆಸಿ ಪಕ್ಕ ಪಕ್ಕ ಬಿಡಿಸಿಟ್ಟರು. ಬೆರಳಿಟ್ಟು ಓದುತ್ತ ಹೋದವರು ಒಂದು ಕಡೆ ನಿಂತರು. ಬಲಗಿವಿ ಇನ್ನೂ ಮುಂದಕ್ಕೆ ಬಂದಿತೇನೋ ಅನಿಸಿತು. ಐದೂ ಕಡೆ ಹುಳ ಹೊರಬಂದ ತೋಟ ಇದ್ದ ಊರಿನ ಹೆಸರು ‘ಕಸಳ’ ಎಂದಿತ್ತು. ಕಳಸ ಎನ್ನುವುದನ್ನು ಮೊದಲನೆಯ ಪುಸ್ತಕದಲ್ಲಿ ಅಚ್ಚಿನವನು ಅಕ್ಷರ ತಿರುಗಿಸಿ ಜೋಡಿಸಿದ್ದ. ಉಳಿದ ನಾಲ್ವರೂ ಆ ತಿರುಗಿದ ಕಳಸವನ್ನೇ ಹೊತ್ತುಕೊಂಡು ಬಂದಿದ್ದರು.

“ನಾಕು ಹುಡುಗ್ರು ಸರಿ ಉತ್ರನ ಒಂದೇ ತರ ಬರೆದ್ರೆ ಕಾಪಿ ಅನ್ನಕ್ಕೆ ಬರಲ್ಲ. ತಪ್ಪನ್ನ ಒಂದೇ ತರ ಬರೆದ್ರೆ ಕಾಪಿನೇ” ಎಂದರು ಮೇಷ್ಟ್ರು. “ಇವ್ರು ಐದು ಜನ ಅಲ್ಲ ಮಾರಾಯ. ಒಬ್ನೇ. ಅವ್ನು ಕಂಡನಾ, ಕೇಳಿದ್ನಾ?”

ಮೊದಲನೆಯ ಪುಸ್ತಕ ಬರೆದ ಅವನು ಯಾರೆಂದು ನಮಗಿಬ್ಬರಿಗೂ ಗೊತ್ತಿತ್ತು. ಕ್ಲಬ್ಬಿನ ದೊಡ್ಡ ಹಾಲಿನಲ್ಲಿ ಆಳೆತ್ತರದ ಪಟವಾಗಿ ನಿಂತಿದ್ದ ಹಳೆಯ ದೊರೆ. ಸತ್ತು ಎಷ್ಟೋ ಕಾಲವಾಗಿತ್ತು. ಆತನ ಪಟದ ಮುಂದೆ ದೊರೆಗಳು ಟೋಪಿ ತೆಗೆಯುತ್ತಿದ್ದರು. ಕಾಫಿಯ ವಿಷಯದಲ್ಲಿ ಆತನ ಮಾತೆಂದರೆ ಮಾತು. ಕ್ಲಬ್ಬಿನ ಆಗಿನ ಸೆಕ್ರೆಟರಿ ದೊರೆ ಆತನ ತಮ್ಮನ ಮಗ.

ಹಳೆಯ ದೊರೆ ಕೈಯಲ್ಲಿ ಬರೆದ ತೋಟದ ಡೈರಿಗಳು ಎರಡನೆಯ ಬೀರುವಿನ ಮೂರನೆಯ ಅರೆಯಲ್ಲಿ ಬೀಗದೊಳಗಿದ್ದವು. ಅಚ್ಚಾದ ವರದಿ ಓದಿಸುವುದು ಒಂದು, ಮನೆತನದ ಡೈರಿ ತೆಗೆದುಕೊಡುವುದು ಇನ್ನೊಂದು. ಮೇಷ್ಟ್ರು ಕೀಲಿ ಹಿಡಿದು ಬೀರುವಿನ ಮುಂದೆ ಬಹಳ ಹೊತ್ತು ನಿಂತರು. ಬೇಡ ಬಿಡಿ ಎನ್ನಬೇಕೆಂದು ಬಾಯಿಗೆ ಬಂತು. ಅನ್ನಲಿಲ್ಲ. ಅವರು ಬೀಗ ತೆಗೆದರು.

ಎರಡು ಮಧ್ಯಾಹ್ನ ಹುಡುಕಿದ ಮೇಲೆ ಆ ಪುಟ ಸಿಕ್ಕಿತು. ಹುಳ ಯಾವಾಗ ಹೊರಬರುತ್ತದೆಂದು ದೊರೆ ತನ್ನ ತೋಟದ ಆಳುಗಳ ಮೇಸ್ತ್ರಿಯನ್ನು ಕೇಳಿದ್ದ. ಮೇಸ್ತ್ರಿ ಹೇಳಿದ್ದನ್ನು ಅವನ ಮಾತಿನಲ್ಲೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದ: ಮೊದಲ ಮಳೆ. ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ಆ ಚಿಹ್ನೆಯನ್ನು ಹೊಡೆದುಹಾಕಿ, ಬೇರೆ ಶಾಯಿಯಲ್ಲಿ, ಮುಂಗಾರು ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಅಷ್ಟೇ.

ಅಷ್ಟರಲ್ಲಿ ಪಟ್ ಪಟ್ ಎಂದಿತು.

ಸೆಕ್ರೆಟರಿ ದೊರೆಯ ಕಾರು ಬರುವ ದಿನ ಅಲ್ಲ ಅದು. ಬೂಟಿನ ಸದ್ದು ನೇರ ನಮ್ಮ ಕೋಣೆಯ ಬಾಗಿಲಿಗೇ ಬಂತು. ನಾನು ಬೀರುವಿನ ಹಿಂದೆ ಗೋಡೆಗೆ ಅಂಟಿಕೊಂಡು ಕೂತೆ. ತೊಡೆಯ ಮೇಲೆ ಡೈರಿ. ಸೆಕ್ರೆಟರಿ ದೊರೆ ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಮಾತಾಡಿದ. ದೊಡ್ಡಪ್ಪನ ನೆನಪಿನ ದಿನ ಹತ್ತಿರ ಬರುತ್ತಿದೆ, ಔತಣದಲ್ಲಿ ಓದಲು ಅವರ ಹಳೆಯ ಡೈರಿ ಬೇಕು. ಯಾವ ವರ್ಷದ್ದು ಎಂದೂ ಹೇಳಿದ. ನನ್ನ ತೊಡೆಯ ಮೇಲಿದ್ದ ವರ್ಷವೇ.

ಮೇಷ್ಟ್ರ ದನಿ ಕೇಳಿಸಲು ಎಷ್ಟು ಹೊತ್ತಾಯಿತೋ. ನನಗಂತೂ ಹಗಲು ಕಳೆದ ಹಾಗಾಯಿತು. “ಅದಕ್ಕೆ ಹುಳ ಹಿಡಿದಿದೆ ಸಾರ್. ಬಿಸಿಲಿಗೆ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಮೇಜಿನ ಮೇಲಿರುತ್ತೆ” ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಬೂಟಿನ ಸದ್ದು ಹೋಯಿತು. ಮೇಷ್ಟ್ರು ಬೀರುವಿನ ಹಿಂದೆ ಬಂದು ನನ್ನ ಪಕ್ಕ ಕೂತರು. “ಈಗ ನಾನು ಹೇಳಿದ್ದು ಕಂಡದ್ದೂ ಅಲ್ಲ, ಕೇಳಿದ್ದೂ ಅಲ್ಲ” ಎಂದರು ಮೆಲ್ಲಗೆ. “ಬರ್ಕೋ. ಬೇಗ. ಒಂದಕ್ಷರ ಹೆಚ್ಚು ಕಮ್ಮಿ ಆಗ್ಬಾರ್ದು.” ನಾನು ನಕಲು ಮಾಡಿಕೊಂಡ ಮೇಲೆ ಡೈರಿಯನ್ನು ಇಸಿದುಕೊಂಡು ಹಿತ್ತಲಿಗೆ ಹೋದರು. ಏನು ಮಾಡುತ್ತಾರೆಂದು ಕಿಟಕಿಯಿಂದ ನೋಡಿದೆ. ಬಿಸಿಲು ಇಳಿಯುತ್ತಿದ್ದ ಒಂದು ಕಲ್ಲಿನ ಮೇಲೆ ಅದನ್ನು ಬಿಡಿಸಿಟ್ಟು ಪಕ್ಕದಲ್ಲಿ ಕೂತಿದ್ದರು. “ಅಷ್ಟಾದ್ರೂ ನಿಜ ಆಗ್ಲಿ” ಎಂದರು, ನನ್ನ ಕಡೆ ತಿರುಗದೆ.

ಆ ಭಾನುವಾರ ಇಬ್ಬರೂ ಬಸ್ಸು ಹಿಡಿದು ಕಳಸಕ್ಕೆ ಹೋದೆವು. ಹಳೆಯ ದೊರೆಯ ಮೇಸ್ತ್ರಿ ಬದುಕಿದ್ದಾನೆಂದು ಮೇಷ್ಟ್ರು ಯಾರಿಂದಲೋ ತಿಳಿದುಕೊಂಡಿದ್ದರು. ಭದ್ರಾ ದಂಡೆಯ ಹತ್ತಿರ ಮೊಮ್ಮಗಳ ಮನೆಯಲ್ಲಿದ್ದ. ಹುಬ್ಬಿನ ಮೇಲೆ ಕೈಯಿಟ್ಟು ನಮ್ಮನ್ನು ನೋಡಿದ. ಹೊಳೆಯ ಆಚೆ ತೋಟದಲ್ಲಿ ಕಾಫಿ ಹೂ ಬಿಟ್ಟು ಗುಡ್ಡವೆಲ್ಲ ಬೆಳ್ಳಗಿತ್ತು, ಎಂಟು ಹತ್ತು ದಿನದ ಹಿಂದೆ ಒಂದು ಮಳೆ ಬಿದ್ದಿತ್ತು.

“ಮೊದ್ಲ ಮಳೆ ಅಂದ್ರೆ ಯಾವ್ದು ಅಜ್ಜ?” ಎಂದು ಕೇಳಿದರು ಮೇಷ್ಟ್ರು.

“ಯಾವ್ದು ಅಂದ್ರೆ? ಹೂಮಳೆ. ರೇವತಿಲೋ ಅಶ್ವಿನಿಲೋ ಬರ್ತದಲ, ಕಾಫಿ ಹೂ ಬಿಡ್ಸದು. ಮೊನ್ನೆ ಬಂತಲ, ಅದೇಯ.”

“ಜೂನ್ ತಿಂಗಳಲ್ಲಿ ಹಿಡಿಯೋದು ಅಲ್ವಾ?” ಎಂದೆ ನಾನು.

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ಅದನ್ನ ಯಾರಯ್ಯಾ ಮಳೆ ಅಂತಾರೆ? ಮಳೆ ಅಂದ್ರೆ ಬಂದು ಹೋಗದು. ಅದು ಬಂದು ಕೂರದು. ಅದು ಮಳೆಗಾಲ.”

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ನಮ್ಮ ಮನೆಯಲ್ಲೂ ಇದನ್ನೇ ಹೇಳುತ್ತಿದ್ದರು. ಆದರೆ ಆ ಐದು ಪುಸ್ತಕ ಓದುವಾಗ ನನಗೆ ಅದು ನೆನಪಾಗಿರಲಿಲ್ಲ.

“ಹುಳ ಹೊರಗೆ ಬರದನ್ನ ನೀವೇ ಕಂಡಿದ್ದೀರಾ?”

“ಹೂಮಳೆ ಬಿದ್ದು ಬಿಸ್ಲು ಬಂತಲ, ಅಲ್ಲಿಂದ ಗಿಡದ ಮೇಲೆ ಓಡಾಡ್ತಿರ್ತವೆ. ಕಪ್ಪು, ಮೈಮೇಲೆ ಬೆಳ್ಳನ್ ಗೆರೆ. ಹಿಡ್ದು ಹೊಸಕಿ ಹಾಕಿದೀನಿ. ಕಾಣದೆ ಹೇಳ್ತೀನಾ?”

“ಮತ್ತೆ ಜೂನಲ್ಲಿ ಸುಣ್ಣ ಬಳಿ ಅಂದಾಗ ಯಾಕೆ ಸುಮ್ನಿದ್ರಿ?”

“ಮಳೇಲಿ ಬಳಿದ್ ಸುಣ್ಣ ನಿಲ್ತದಾ ಮೇಷ್ಟ್ರೆ? ದೊರೆ ಬಳಿ ಅಂದ್ರು, ಬಳಿದ್ವಿ. ಒಂದ್ಸಲ ಕೇಳಿದ್ರು, ಹೇಳ್ದೆ. ಆಮೇಲೆ ಯಾರೂ ಕೇಳಕ್ಕೆ ಬರ್ಲಿಲ್ಲ. ನೀವೇ ಈಗ ಬಂದಿದ್ದು.”

ಮೇಷ್ಟ್ರು ಚೀಟಿಯ ಮೇಲೆ ಕಂ ಎಂದು ಬರೆದರು. ನಾನು ನೋಡಿದ ಮೊದಲ ಕಂ ಅದು. ದುಂಬಿ ಏಪ್ರಿಲಿನಲ್ಲಿ ಮೊಟ್ಟೆಯಿಟ್ಟು ಹೋದ ಮೇಲೆ ಜೂನ್ ತಿಂಗಳಲ್ಲಿ ಸುಣ್ಣ ಬಳಿಯುತ್ತ, ಅದು ಮಳೆಗೆ ತೊಳೆದು ಹೋಗುತ್ತ, ಗಿಡಗಳು ಸಾಯುತ್ತ ಎಷ್ಟು ವರ್ಷ ಕಳೆದವೋ. ಒಂದು ಪದ ಕೇಳಿ ತಿಳಿಯದವನು ಒಬ್ಬ, ಹೋಗಿ ಕೇಳದವರು ನಾಲ್ವರು. ಮೇಷ್ಟ್ರಿಲ್ಲದಿದ್ದರೆ ಆರನೆಯವನು ನಾನೇ ಆಗುತ್ತಿದ್ದೆ.

ಮನೆಗೆ ಬಂದು ಆರು ದಿನದಲ್ಲಿ ಹೊಸದಾಗಿ ಬರೆದೆ. ಹದಿನಾಲ್ಕೇ ಪುಟ. ಒಂದು ಕಡೆ ಮಾತ್ರ ಕೈ ತಡೆಯಿತು. ‘ಮೊದಲ ಮಳೆ’ ಎಂಬ ಮಾತನ್ನು ಎಲ್ಲಿ ಓದಿದೆ ಎಂದು ಬರೆಯಬೇಕಲ್ಲ. ಬರೆದರೆ ನಾನು ಕ್ಲಬ್ಬಿನೊಳಗೆ ಹೋಗಿದ್ದು, ಬೀಗ ತೆಗೆದದ್ದು, ಎಲ್ಲ ಹೊರಗೆ ಬೀಳುತ್ತದೆ. ಬೀಗದ ಕೀಲಿ ಇದ್ದದ್ದು ಒಬ್ಬರ ಹತ್ತಿರ. ಯೋಚಿಸಿ ‘ಖಾಸಗಿ ಸಂಗ್ರಹವೊಂದರಲ್ಲಿ’ ಎಂದು ಬರೆದೆ. ಇದಕ್ಕಿಂತ ಜಾಣತನ ಇಲ್ಲವೆನಿಸಿತು.

ಮೇಷ್ಟ್ರು ಹದಿನಾಲ್ಕು ಪುಟವನ್ನೂ ಓದಿ, ಆ ಸಾಲಿಗೆ ಬಂದಾಗ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ನನ್ನ ಮಸಿಯ ಪೆನ್ನು ಕೇಳಿದರು. ‘ಖಾಸಗಿ ಸಂಗ್ರಹ’ವನ್ನು ಹೊಡೆದುಹಾಕಿದರು. ಮೇಲೆ ತಮ್ಮ ದುಂಡು ಅಕ್ಷರದಲ್ಲಿ ಕ್ಲಬ್ಬಿನ ಹೆಸರು, ಎರಡನೆಯ ಬೀರು, ಮೂರನೆಯ ಅರೆ, ವರ್ಷ, ಪುಟ ಎಲ್ಲ ಬರೆದರು.

“ಮೇಷ್ಟ್ರೆ, ನಿಮ್ಮ ಕೆಲಸ…”

“ಹುಡುಕ್ಕೊಂಡು ಹೋದವನಿಗೆ ಸಿಗ್ಬೇಕು ಮಾರಾಯ. ಸಿಗದಿದ್ರೆ ನಿನ್ನದೂ ಕೇಳಿದ್ದೇ ಆಯ್ತು. ಆ ಐದು ಜನಕ್ಕೂ ನಿನಗೂ ಎಂತ ವ್ಯತ್ಯಾಸ?”

“ಹಾಗಾದರೆ ನಿಮ್ಮ ಹೆಸರನ್ನಾದರೂ ಹಾಕ್ತೇನೆ. ನಿಮ್ಮಿಂದಲೇ ಅಲ್ವಾ ಎಲ್ಲ.”

“ಬ್ಯಾಡ. ನಾನೆಂತ ಹುಳ ಕಂಡವನಾ? ಕಂಡವನು ಮೇಸ್ತ್ರಿ, ಅವನ ಹೆಸರು ಹಾಕು. ನಾನು ಬಾಗ್ಲು ತೆಗ್ದವನು. ಬಾಗ್ಲು ತೆಗ್ದವನ ಹೆಸ್ರು ಪುಸ್ತಕದೊಳಗೆ ಬರಬಾರ್ದು.” ಆ ಮಾತಿಗೆ ಕಟ್ಟುಬಿದ್ದು ಈ ಬರಹದಲ್ಲೂ ಅವರ ಹೆಸರನ್ನು ಬರೆದಿಲ್ಲ.

ಮುಂದಿನದನ್ನು ನೇರವಾಗಿ ಹೇಳುತ್ತೇನೆ. ಆ ಪುಟವನ್ನು ಬದಲಾಯಿಸಿ ಬರೆಯಲು ನನಗೆ ಮೂರು ದಿನ ಇತ್ತು. ಅವರಿಗೆ ತಿಳಿಯುತ್ತಲೂ ಇರಲಿಲ್ಲ. ನಾನು ಬದಲಾಯಿಸಲಿಲ್ಲ. ಅವರ ನೇಮಕ್ಕೆ ಭಂಗ ತರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಒಳಗಿನ ನಿಜ ಬೇರೆ. ‘ಖಾಸಗಿ ಸಂಗ್ರಹ’ ಎಂದರೆ ಪ್ರೊಫೆಸರು ನಂಬಲಾರರು, ಬೀರು ಅರೆ ಪುಟದ ಸಮೇತ ಇದ್ದರೆ ಕೆಲಸ ನನಗೇ ಎಂದು ನನಗೆ ಗೊತ್ತಿತ್ತು. ಅಂಚೆ ಕಚೇರಿಯ ಬಾಗಿಲಲ್ಲಿ ಲಕೋಟೆ ಹಿಡಿದು ನಿಂತು ಎರಡು ಸಲ ಹಿಂದಕ್ಕೆ ಬಂದೆ. ಮೂರನೆಯ ಸಲ ಹಾಕಿಬಿಟ್ಟೆ.

ಕೆಲಸ ನನಗೇ ಆಯಿತು. ಪ್ರೊಫೆಸರು ಸಮೀಕ್ಷೆಯನ್ನು ಮೆಚ್ಚಿ ತಾವೇ ಒಂದು ಪತ್ರಿಕೆಗೆ ಕಳಿಸಿದರು. ಅದು ಅಚ್ಚಾಗಿ ಕ್ಲಬ್ಬಿನ ಮೇಜಿಗೂ ಬಂತು. ಬಂದ ವಾರದಲ್ಲೇ ಮೇಷ್ಟ್ರನ್ನು ಕೆಲಸದಿಂದ ತೆಗೆದರು.

ನನಗೆ ಸುದ್ದಿ ಮುಟ್ಟಿದ್ದು ತಡವಾಗಿ. ಅವರು ಆಗಲೇ ದೇವರಮನೆ ಗುಡ್ಡದ ಕಡೆ, ಹೆಂಡತಿಯ ತವರಿಗೆ ಹೋಗಿ ನೆಲೆಸಿದ್ದರು. ಹುಡುಕಿಕೊಂಡು ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡಿದ್ದೆ. ಅವರು ಜಗಲಿಯ ಮೇಲೆ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಹಾಜರಿ ಕೂಗುತ್ತಿದ್ದರು. ಬಾರದ ಒಬ್ಬನ ಹೆಸರಿಗೆ “ಇಲ್ಲ” ಎಂದು ದೊಡ್ಡದಾಗಿ ಬರೆದದ್ದನ್ನು ಕಂಡು ನನಗೆ ಅಳು ಬಂತು. ಅಚ್ಚಾದ ಪತ್ರಿಕೆಯನ್ನು ಕೈಗಿಟ್ಟೆ. ಅವರು ಮೊದಲು ನೋಡಿದ್ದು ಅಡಿಟಿಪ್ಪಣಿ.

“ಪುಟದ ನಂಬರು ಸರಿ ಇದೆ” ಎಂದರು.

“ನನ್ನಿಂದ ಹೀಗಾಯ್ತು ಮೇಷ್ಟ್ರೆ.”

“ನೀನೇ ತೋರ್ಸಿದ್ಯಾ ಅಂತ ಕೇಳಿದ್ರು. ಹೌದು ಅಂದೆ. ಅವತ್ತೊಂದು ದಿನ ಬಿಸ್ಲಿಗೆ ಹಾಕಿದೀನಿ ಅಂದಿದ್ನಲ್ಲ, ಅದನ್ನೂ ಹೇಳಿಬಿಟ್ಟೆ. ಹಗುರ ಆಯ್ತು.” ಆಮೇಲೆ ಕೇಳಿದರು: “ಈ ಸಲ ಹೂಮಳೆಗೆ ಯಾರಾದ್ರೂ ಕಾಂಡ ಉಜ್ಜಿ ಸುಣ್ಣ ಬಳೀತಾರಂತಾ?”

ಬಳಿದರು. ಮಾರನೆಯ ಏಪ್ರಿಲಿನಲ್ಲಿ, ಹೂಮಳೆ ಬಿದ್ದು ಬಿಸಿಲು ಬಂದ ಮೂರನೆಯ ದಿನ, ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಆಳುಗಳು ಸಾಲಾಗಿ ಕೂತು ಕಾಂಡ ಉಜ್ಜುತ್ತಿದ್ದರು. ತೋಟ ಆ ಸೆಕ್ರೆಟರಿ ದೊರೆಯದೇ. ಇದು ನಾನು ಕಂಡದ್ದು.

ಮೇಷ್ಟ್ರು ಆಮೇಲೆ ಹೆಚ್ಚು ಕಾಲ ಇರಲಿಲ್ಲ. ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಒಂದು ಮಳೆಗಾಲ ಚಳಿಜ್ವರ ಹಿಡಿದು ಹೋಗಿಬಿಟ್ಟರು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ನನ್ನ ಹತ್ತಿರವೂ ಹುಡುಗರು ಸಮೀಕ್ಷೆ ಹಿಡಿದುಕೊಂಡು ಬರುತ್ತಾರೆ. ಎಲ್ಲರದೂ ಚೆಕ್‌ರೋಲೇ. ನಾನು ಪೆನ್ಸಿಲ್ ತೆಗೆದು ಅಂಚಿಗೆ ಕೇ ಕೇ ಎಂದು ಬರೆಯುತ್ತ ಹೋಗುತ್ತೇನೆ. ಮುದುಕನಿಗೆ ಅರಳು ಮರಳು ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರಲ್ಲಿ ಒಬ್ಬನಾದರೂ ಬಸ್ಸು ಹತ್ತಿ ಕಳಸಕ್ಕೆ ಹೋದರೆ ಸಾಕು.

ಮೇಷ್ಟ್ರು ತೀರಿಕೊಂಡ ಹದಿಮೂರನೆಯ ದಿನ ಅವರ ಹೆಂಡತಿ, “ಇದು ನಿಮ್ಮದಂತೆ, ನಿಮಗೇ ಕೊಡಬೇಕು ಅಂತಿದ್ರು” ಎಂದು ನಾನು ಕೊಟ್ಟಿದ್ದ ಪತ್ರಿಕೆಯನ್ನೇ ಕೈಗಿಟ್ಟರು. ಬಿಡಿಸಿ ನೋಡಿದೆ. ನನ್ನ ಸಮೀಕ್ಷೆಯ ಪ್ರತಿ ಸಾಲಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ನಾನು ಓದಿ ಬರೆದದ್ದಕ್ಕೆಲ್ಲ ಉದ್ದಕ್ಕೂ ಕೇ, ಕೇ, ಕೇ. ಅಚ್ಚಾದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ. ಎರಡು ಕಡೆ ಮಾತ್ರ ಬೇರೆ ಅಕ್ಷರವಿತ್ತು. ಕಳಸದ ಮೇಸ್ತ್ರಿಯ ಮಾತಿನ ಪಕ್ಕ ಒಂದು ಕಂ. ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ, ‘ಈ ಡೈರಿಯನ್ನು ಲೇಖಕನು ಸ್ವತಃ ನೋಡಿದ್ದಾನೆ’ ಎಂದು ನಾನು ಬರೆದಿದ್ದ ಸಾಲಿನ ಪಕ್ಕ ಇನ್ನೊಂದು ಕಂ. ಅದರ ಕೆಳಗೆ, ಆ ದುಂಡು ಅಕ್ಷರದಲ್ಲಿ, ಎರಡೇ ಪದ.

‘ನಾನು ಸಾಕ್ಷಿ.’